ದೋರಸಮುದ್ರದ ಕರಣಿಕ, ಹಂಪೆಯ ಕವಿ: ಹರಿಹರದೇವನ ಬಾಳು ಮತ್ತು ಬರಹ

ಹಾಸನದಿಂದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿರುವ ಹಳೇಬೀಡನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. 2023ರಲ್ಲಿ ಬೇಲೂರು, ಸೋಮನಾಥಪುರಗಳೊಡನೆ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಅಲ್ಲಿಗೆ ಬರುವ ಯಾತ್ರಿಕರ ಬಾಯಲ್ಲಿ ವಿಷ್ಣುವರ್ಧನ, ಶಾಂತಲೆ, ಕೇತಮಲ್ಲ ಮುಂತಾದ ಹೆಸರುಗಳು ಹೆಚ್ಚಾಗಿ ಕೇಳಿಬರುತ್ತಿವೆ. ಆದರೆ ಅದೇ ದೋರಸಮುದ್ರದ ಅರಮನೆಯಲ್ಲಿ ಲೆಕ್ಕ ಬರೆಯುತ್ತ ಕುಳಿತಿದ್ದ ಒಬ್ಬ ಕರಣಿಕನು ಲೇಖನಿಯನ್ನು ಅಲ್ಲಿಯೇ ಇಟ್ಟು ಎದ್ದುಹೋಗಿ, ಕನ್ನಡ ಸಾಹಿತ್ಯದ ದಾರಿಯನ್ನೇ ಬೇರೆಡೆಗೆ ತಿರುಗಿಸಿದನೆಂಬುದನ್ನು ಅಲ್ಲಿ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಓದಿದವರನ್ನು ಹರಿಹರ ಯಾವ ಊರಿನವನೆಂದು ಕೇಳಿದರೆ ಹಂಪೆಯವನೆಂದೇ ಉತ್ತರ ಬರುತ್ತದೆ. ಕವಿಯು ಕೇಳಿದ್ದರೆ ಈ ಉತ್ತರಕ್ಕೆ ಸಂತೋಷವನ್ನೇ ಪಡುತ್ತಿದ್ದನು. ಹಂಪೆಯ ವಿರೂಪಾಕ್ಷನ ಹೊರತು ಬೇರೊಂದು ಆಶ್ರಯ ತನಗುಂಟೆಂದು ಹೇಳಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಆದರೂ ಅವನು ಯಾವುದನ್ನು ಬಿಟ್ಟು ಹೋದನೆಂಬುದನ್ನು ತಿಳಿಯದೆ, ಹೋಗಿ ಮಾಡಿದುದರ ಬೆಲೆ ತಿಳಿಯುವುದಿಲ್ಲ.

ಹೊಯ್ಸಳರ ಆಡಳಿತದಲ್ಲಿ ದಂಡನಾಯಕರು, ಶ್ರೀಕರಣದ ಅಧಿಕಾರಿಗಳು, ಸೇನಬೋವರು ಎಂಬ ಲೇಖನಿಯ ಮತ್ತು ಕತ್ತಿಯ ಅಧಿಕಾರಿವರ್ಗವೊಂದು ಪ್ರಬಲವಾಗಿದ್ದಿತು. ಈ ಜನರ ಕೈಯಲ್ಲಿ ಹಣವಿತ್ತು, ಪಾಂಡಿತ್ಯವಿತ್ತು, ಧರ್ಮದಲ್ಲಿ ಆಸಕ್ತಿಯೂ ಇತ್ತು. ಹಾಸನದ ಬಳಿಯ ಕೋರವಂಗಲಕ್ಕೆ ಹೋಗಿ ಬೂಚೇಶ್ವರ ದೇವಾಲಯವನ್ನು ನೋಡಿದರೆ ಈ ಮಾತು ಮನವರಿಕೆಯಾಗುತ್ತದೆ. ಇಮ್ಮಡಿ ಬಲ್ಲಾಳನಿಗೆ ಪಟ್ಟವಾದ 1173ರಲ್ಲಿ ಬೂಚಿರಾಜನೆಂಬ ಅಧಿಕಾರಿಯು ಅದನ್ನು ಕಟ್ಟಿಸಿ ಶಿವನನ್ನು ಪ್ರತಿಷ್ಠೆ ಮಾಡಿಸಿದನು. ಅರಸನ ಸೇವೆ, ಸಂಪಾದನೆ, ಊರಿನಲ್ಲೊಂದು ಶಿವಾಲಯ, ಅದರ ಗೋಡೆಗೆ ತನ್ನ ವಂಶವನ್ನು ಹೊಗಳುವ ಶಾಸನ: ಅಂದಿನ ಅಧಿಕಾರಿಯೊಬ್ಬನಿಗೆ ಇದಕ್ಕಿಂತ ಮಿಗಿಲಾದ ಸಾರ್ಥಕ್ಯ ಬೇರೆ ಇರಲಿಲ್ಲ. ಹರಿಹರನಿಗೂ ಈ ಹಾದಿ ತೆರೆದೇ ಇದ್ದಿತು.

ಅವನು ನರಸಿಂಹ ಬಲ್ಲಾಳನ ಕರಣಿಕನಾಗಿದ್ದನೆಂದು ಸಂಪ್ರದಾಯ ಹೇಳುತ್ತದೆ. ಹೊಯ್ಸಳರಲ್ಲಿ ನರಸಿಂಹನೆಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದುದರಿಂದ ಕವಿಯ ಕಾಲದ ಚರ್ಚೆ ಇಲ್ಲಿಂದಲೇ ಹುಟ್ಟಿದೆ. ಕವಿಚರಿತೆಕಾರರಾದ ಆರ್. ನರಸಿಂಹಾಚಾರ್ಯರು 1173ರಲ್ಲಿ ತೀರಿಕೊಂಡ ಒಂದನೆಯ ನರಸಿಂಹನ ಕಾಲಕ್ಕೆ ಇವನನ್ನು ಸೇರಿಸಿ, ಸುಮಾರು 1165 ಎಂದು ಗುರುತಿಸಿದರು. ಅನಂತರದ ವಿದ್ವಾಂಸರಲ್ಲಿ ಹಲವರು 1220ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ನರಸಿಂಹನ ಕಡೆಗೆ ಒಲಿದಿದ್ದಾರೆ. ಮೊದಲನೆಯದನ್ನು ಒಪ್ಪಿದರೆ ಹರಿಹರನು ಬಸವಣ್ಣನವರ ಸಮಕಾಲೀನನಾಗುತ್ತಾನೆ; ಎರಡನೆಯದನ್ನು ಒಪ್ಪಿದರೆ ಅವರ ಮೊಮ್ಮಕ್ಕಳ ವಯಸ್ಸಿನವನಾಗುತ್ತಾನೆ. ನನಗೆ ಎರಡನೆಯ ಅಭಿಪ್ರಾಯವೇ ಸರಿಯೆಂದು ತೋರುತ್ತದೆ. ಕಲ್ಯಾಣ, ಉಡುತಡಿ, ಪುಲಿಗೆರೆ, ಭಲ್ಲುಕೆ ಮುಂತಾದ ದೂರದೂರದ ಸ್ಥಳಗಳ ಶರಣರ ಕಥೆಗಳು ಬಾಯಿಂದ ಬಾಯಿಗೆ ಹರಿದು, ಒಬ್ಬ ಕವಿಯ ಕಿವಿಗೆ ಒಟ್ಟಾಗಿ ಬೀಳಬೇಕಾದರೆ ಒಂದೆರಡು ತಲೆಮಾರಾದರೂ ಕಳೆಯಬೇಕು. ಹೇಗೇ ಆಗಲಿ, ಶರಣರನ್ನು ಕಂಡವರು ಇಲ್ಲವೆ ಕಂಡವರ ಮಕ್ಕಳು ಬದುಕಿದ್ದ ಕಾಲಕ್ಕೆ ಹರಿಹರನು ಹತ್ತಿರದವನು ಎಂಬಷ್ಟನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಮುಂದಿನ ಮಾತುಗಳಿಗೆ ಅದೇ ಆಧಾರ.

ಅವನು ದೋರಸಮುದ್ರವನ್ನು ಬಿಟ್ಟುದರ ಬಗೆಗೆ ಒಂದು ಐತಿಹ್ಯವಿದೆ. ಒಮ್ಮೆ ಓಲಗದಲ್ಲಿ ಲೆಕ್ಕವನ್ನೊಪ್ಪಿಸುತ್ತಿದ್ದಾಗ ಹರಿಹರನು ಇದ್ದಕ್ಕಿದ್ದಂತೆ ಎರಡು ಕೈಗಳನ್ನೂ ಬಿರುಸಾಗಿ ಉಜ್ಜತೊಡಗಿದನಂತೆ. ನೆರೆದವರು ನಕ್ಕರು. ಅರಸನು ಕಾರಣವನ್ನು ಕೇಳಲು, ಹಂಪೆಯಲ್ಲಿ ವಿರೂಪಾಕ್ಷನಿಗೆ ಆರತಿಯಾಗುವಾಗ ಕರ್ಪೂರದ ಕಿಡಿ ತೆರೆಗೆ ತಗುಲಿತೆಂದೂ ಅದನ್ನು ನಂದಿಸಿದೆನೆಂದೂ ಉತ್ತರ ಕೊಟ್ಟನು. ದೂತರು ಹೋಗಿ ವಿಚಾರಿಸಿದಾಗ ಸಂಗತಿ ನಿಜವೆಂದು ತಿಳಿದು, ಅರಸನು ಇಂತಹವನಿಂದ ಸೇವೆ ಮಾಡಿಸಿಕೊಳ್ಳಲಂಜಿ ಅವನನ್ನು ಮನ್ನಿಸಿ ಬೀಳ್ಕೊಟ್ಟನು. ಇಂತಹ ಪವಾಡಗಳನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಕಥೆಯು ಹೇಳುವ ಒಂದು ಮನಃಸ್ಥಿತಿ ಮಾತ್ರ ಸುಳ್ಳಲ್ಲ. ಕೈ ದೋರಸಮುದ್ರದ ಲೆಕ್ಕದಲ್ಲಿ, ಕಣ್ಣು ಇನ್ನೂರೈವತ್ತು ಕಿಲೋಮೀಟರುಗಳಾಚೆ ಹಂಪೆಯ ಗರ್ಭಗುಡಿಯಲ್ಲಿ. ಹೀಗೆ ಎರಡಾಗಿ ಸೀಳಿಹೋದ ಬಾಳನ್ನು ಬಹುಕಾಲ ಬಾಳಲಾಗದು. ಸರ್ಕಾರಿ ಕೆಲಸದಲ್ಲಿ ವರ್ಷಗಟ್ಟಲೆ ಕಳೆದವರಿಗೆ ಇದು ಅರ್ಥವಾಗುತ್ತದೆ.

ಇಲ್ಲಿ ಮರೆಯಬಾರದ ಇನ್ನೊಂದು ವಿಷಯವುಂಟು. ಆಗಿನ ಹಂಪೆ ರಾಜಧಾನಿಯಾಗಿರಲಿಲ್ಲ. ವಿಜಯನಗರ ಹುಟ್ಟಲು ಇನ್ನೂ ನೂರು ವರ್ಷಗಳಿಗೂ ಹೆಚ್ಚಿನ ಕಾಲವಿದ್ದಿತು. ಹರಿಹರನು ಹೋದದ್ದು ತುಂಗಭದ್ರೆಯ ದಡದಲ್ಲಿ ಬಂಡೆಗಳ ನಡುವಣ ಪಂಪಾಕ್ಷೇತ್ರಕ್ಕೆ, ರಾಜಧಾನಿಯನ್ನು ತೊರೆದು ಒಂದು ತೀರ್ಥಸ್ಥಳಕ್ಕೆ. ಕಾಲನ ವಿನೋದವನ್ನು ನೋಡಿರಿ: 1311ರಲ್ಲಿ ಮಲಿಕ್ ಕಾಫರನ ದಾಳಿಗೆ ಸಿಕ್ಕಿ, ಮುಂದೆ ಮತ್ತೊಂದು ದಾಳಿಯಲ್ಲಿ ನೆಲಕಚ್ಚಿ, ದೋರಸಮುದ್ರವು ಹಳೆಯ ಬೀಡಾಯಿತು, ತೀರ್ಥಸ್ಥಳವೇ ಸಾಮ್ರಾಜ್ಯದ ರಾಜಧಾನಿಯಾಯಿತು. ಆ ರಾಜಧಾನಿಯೂ 1565ರಲ್ಲಿ ಹಾಳಾದ ಮೇಲೆ ಉಳಿದದ್ದು ಮತ್ತೆ ವಿರೂಪಾಕ್ಷನ ಪೂಜೆಯೇ.

ಅದೇ ಓಲಗದಲ್ಲಿ ಉಳಿದುಕೊಂಡ ಇನ್ನೊಬ್ಬ ಶಿವಕವಿಯನ್ನೂ ಇಲ್ಲಿ ನೆನೆಯುವುದು ನ್ಯಾಯ. ಕೆರೆಯ ಪದ್ಮರಸನು ಬಲ್ಲಾಳನ ಮಂತ್ರಿಯಾಗಿದ್ದು, ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿ, ಅದರಿಂದಲೇ ಹೆಸರಿಗೆ ‘ಕೆರೆಯ’ ಎಂಬ ವಿಶೇಷಣವನ್ನು ಪಡೆದನು. ದೀಕ್ಷಾಬೋಧೆ ಎಂಬ ಕೃತಿಯನ್ನು ರಗಳೆಯಲ್ಲಿಯೇ ಬರೆದನು. ಅಧಿಕಾರದಲ್ಲಿದ್ದೂ ಶರಣಧರ್ಮಕ್ಕೆ ಸಲ್ಲಬಹುದೆಂಬುದಕ್ಕೆ ಅವನೇ ಸಾಕ್ಷಿ. ಆದುದರಿಂದ ಹರಿಹರನು ಹೊರಟುಹೋದುದನ್ನು ಹೊಗಳುವ ಭರದಲ್ಲಿ ಪದ್ಮರಸನು ಉಳಿದುದನ್ನು ಹೀಗಳೆಯಬೇಕಾಗಿಲ್ಲ. ಊರಿಗೆ ನೀರು ಬೇಕು, ಕಾವ್ಯವೂ ಬೇಕು.

ಹಂಪೆಗೆ ಹೋದ ಹರಿಹರನು ಒಂದು ನಿಯಮವನ್ನು ಕೈಗೊಂಡನು. ಮಾನವರನ್ನು, ಅವರು ಚಕ್ರವರ್ತಿಗಳೇ ಆಗಲಿ, ತನ್ನ ನಾಲಿಗೆಯಿಂದ ಹೊಗಳುವುದಿಲ್ಲ. ಶಿವನನ್ನೂ ಶಿವಶರಣರನ್ನೂ ಮಾತ್ರ ಹಾಡುವೆನೆಂಬುದೇ ಆ ನಿಯಮ. ಇಂದು ನಮಗಿದು ಸಾಮಾನ್ಯವೆನಿಸಬಹುದು. ಪಂಪನಿಗೆ ಅರಿಕೇಸರಿ, ರನ್ನನಿಗೆ ಸತ್ಯಾಶ್ರಯ, ಜನ್ನನಿಗೆ ಬಲ್ಲಾಳ. ಕಾವ್ಯವೆಂದರೆ ಅರಸನ ಸಭೆ, ಸಭೆಯೆಂದರೆ ಅರಸನ ಸ್ತುತಿ ಎಂಬ ಮೂರು ಶತಮಾನಗಳ ಪದ್ಧತಿಯ ನಡುವೆ ನಿಂತು ನೋಡಿದರೆ ಈ ನಿಯಮದ ಬಿಸಿ ತಿಳಿಯುತ್ತದೆ. ಪೋಷಕನನ್ನು ಬಿಟ್ಟ ಕವಿಗೆ ಪೋಷಕನಿಗಾಗಿ ಸಿದ್ಧವಾಗಿದ್ದ ರೂಪವೂ ಬೇಡವಾಯಿತು. ಪಂಡಿತರು ಮಾತ್ರ ಸವಿಯಬಲ್ಲ ಚಂಪುವನ್ನು ಅವನು ಬದಿಗಿಟ್ಟು ರಗಳೆಯನ್ನು ಹಿಡಿದನು.

ರಗಳೆ ಹರಿಹರನು ಹುಟ್ಟಿಸಿದ ಛಂದಸ್ಸಲ್ಲ. ಪಂಪನಂಥವರೂ ಚಂಪುವಿನ ನಡುವೆ, ನೃತ್ಯವೋ ಉತ್ಸಾಹವೋ ಬಂದ ಕಡೆ, ಅದನ್ನು ಬಳಸಿದ್ದರು. ಇಡೀ ಕಾವ್ಯದ ಭಾರವನ್ನು ಅದರ ಹೆಗಲಿಗೆ ಹೊರಿಸಿದ ಸಾಹಸ ಮಾತ್ರ ಇವನದು. ಸಾಲಿಗೆ ನಾಲ್ಕು ಗಣಗಳು. ಗಣಕ್ಕೆ ಮೂರು ಮಾತ್ರೆಯಾದರೆ ಉತ್ಸಾಹ, ನಾಲ್ಕಾದರೆ ಮಂದಾನಿಲ, ಐದಾದರೆ ಲಲಿತ. ಎರಡೆರಡು ಸಾಲಿಗೆ ಪ್ರಾಸ. ಪದ್ಯ ಇಷ್ಟೇ ಸಾಲಿಗೆ ಮುಗಿಯಬೇಕೆಂಬ ಕಟ್ಟಿಲ್ಲ. ಭಾವ ಉಕ್ಕಿದಷ್ಟು ದೂರ ಹರಿಯಬಹುದು. ಹರಿಹರನು ಕೆಲವು ಕಡೆ ಬೇಕಾದುದಕ್ಕಿಂತಲೂ ದೂರ ಹರಿದಿದ್ದಾನೆ ಎಂಬ ವಿಮರ್ಶಕರ ಆಕ್ಷೇಪ ಸುಳ್ಳೇನಲ್ಲ. ಪೂಜೆಯ ವರ್ಣನೆ ಬಂದಿತೆಂದರೆ ಅವನಿಗೆ ಕಥೆ ಮರೆತುಹೋಗುತ್ತದೆ. ಹೂವೆಂದರಂತೂ ಮೈಮೇಲೆ ಅರಿವಿಲ್ಲ. ಬೆಳಕು ಹರಿಯುವ ಮುನ್ನ ತೋಟಕ್ಕೆ ಹೋಗಿ, ಒಂದೊಂದು ಹೂವನ್ನೂ ಮಾತನಾಡಿಸಿ ಬಿಡಿಸಿ ತಂದು ವಿರೂಪಾಕ್ಷನಿಗೆ ಏರಿಸುವುದಕ್ಕಾಗಿಯೇ ಪುಷ್ಪರಗಳೆ ಎಂಬ ಒಂದು ಕೃತಿಯನ್ನು ರಚಿಸಿದ್ದಾನೆ. ಹಿರಿಯ ರಗಳೆಗಳಲ್ಲಿ ಒಂದು ಸ್ಥಲ ಪದ್ಯವಾದರೆ ಮುಂದಿನದು ಗದ್ಯ. ಆ ಗದ್ಯವೂ ಓಡುವ ಗದ್ಯವೇ. ವಚನಗಳನ್ನು ಕೇಳಿ ಬೆಳೆದ ಕಿವಿಯೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಇವನನ್ನು ‘ರಗಳೆಯ ಕವಿ’ ಎಂದು ಪಂಡಿತರು ಮೂದಲಿಸಿದರೆಂದೂ, ಅದಕ್ಕೆ ಉತ್ತರವಾಗಿ ಹತ್ತು ಆಶ್ವಾಸಗಳ ಗಿರಿಜಾಕಲ್ಯಾಣವನ್ನು ಪ್ರೌಢವಾದ ಚಂಪುವಿನಲ್ಲಿ ಬರೆದು ತೋರಿಸಿದನೆಂದೂ ಪ್ರತೀತಿ. ಅದು ಮೊದಲು ಬರೆದ ಕೃತಿಯೆಂದು ಹೇಳುವ ವಿದ್ವಾಂಸರೂ ಉಂಟು. ಪಂಪಾಶತಕ, ರಕ್ಷಾಶತಕ, ಮುಡಿಗೆಯ ಅಷ್ಟಕಗಳೂ ಅವನವೇ. ಆದರೆ ಹರಿಹರನು ಹರಿಹರನಾಗಿರುವುದು ನೂರಕ್ಕೂ ಹೆಚ್ಚಿನ ರಗಳೆಗಳಿಂದ.

ಈ ರಗಳೆಗಳ ನಾಯಕರು ಯಾರು? ತಮಿಳುನಾಡಿನ ಅರವತ್ತುಮೂವರು ಪುರಾತನರು ಒಂದು ಕಡೆ, ಕನ್ನಡನಾಡಿನ ಶರಣರು ಇನ್ನೊಂದು ಕಡೆ. ಚೋಳರ ಆಶ್ರಯದಲ್ಲಿ ಸೇಕ್ಕಿೞಾರ್ ಕವಿಯು ತಮಿಳಿನಲ್ಲಿ ಪುರಾತನರ ಚರಿತ್ರೆಯನ್ನು 12ನೆಯ ಶತಮಾನದಲ್ಲಿ ಹಾಡಿದ್ದನು. ಹರಿಹರನು ಆ ಭಕ್ತರನ್ನು ಕನ್ನಡದ ಹಳ್ಳಿಗೇ ಕರೆತಂದನು. ಕುಂಬಾರ ಗುಂಡಯ್ಯನು ಮಡಕೆಯನ್ನು ತಟ್ಟಿದ ತಾಳಕ್ಕೆ ಶಿವನು ಕುಣಿಯುತ್ತಾನೆ. ಶಿವನು ಕುಣಿದರೆ ಲೋಕವೆಲ್ಲ ಕುಣಿಯುತ್ತದೆ. ಮಾದಾರ ಚೆನ್ನಯ್ಯನ ಅಂಬಲಿಯ ರುಚಿ ಕಂಡ ಶಿವನಿಗೆ ಚೋಳರಾಜನ ನೈವೇದ್ಯ ರುಚಿಸುವುದಿಲ್ಲ. ಕೋಳೂರ ಕೊಡಗೂಸು ಹಾಲಿನ ಬಟ್ಟಲನ್ನು ಹಿಡಿದು ಲಿಂಗದ ಮುಂದೆ ಅತ್ತು ಕರೆದು, ಕೊನೆಗೆ ಕುಡಿಸಿಯೇ ಬಿಡುತ್ತಾಳೆ. ಮಡಕೆ, ಅಂಬಲಿ, ಹಾಲು. ಕಾವ್ಯದೊಳಗೆ ಈ ಪದಾರ್ಥಗಳಿಗೆ ಇಷ್ಟು ಗೌರವ ಹಿಂದೆ ದೊರೆತಿರಲಿಲ್ಲ.

ಇಳೆಯಾಂಡಗುಡಿ ಮಾರನ ರಗಳೆಯನ್ನು ನಾನು ಅರಕಲಗೂಡು, ಹೊಳೆನರಸೀಪುರಗಳ ಶಾಲೆಗಳಲ್ಲಿ ಬಾರಿ ಬಾರಿ ಕಥೆಯಾಗಿ ಹೇಳಿದ್ದೇನೆ. ದಾಸೋಹದಿಂದ ಬಡವನಾದ ಮಾರನ ಮನೆಗೆ ಮಳೆಯ ರಾತ್ರಿಯಲ್ಲಿ ಹಸಿದ ಜಂಗಮನೊಬ್ಬ ಬರುತ್ತಾನೆ. ಮನೆಯಲ್ಲಿ ಕಾಳಿಲ್ಲ. ಹಗಲು ಬಿತ್ತಿ ಬಂದ ಗದ್ದೆಗೆ ಕತ್ತಲಲ್ಲಿ ಹೋಗಿ, ಕೆಸರಿನಲ್ಲಿ ತೇಲುತ್ತಿರುವ ಬಿತ್ತನೆಯ ಬತ್ತವನ್ನು ಬಾಚಿ ತರುತ್ತಾನೆ. ಸೌದೆಯಿಲ್ಲವೆಂದು ಹೆಂಡತಿ ಹೇಳಿದರೆ ಸೂರಿನ ಮರವನ್ನೇ ಕಿತ್ತು ಕೊಡುತ್ತಾನೆ. ಪಟ್ಟಣದ ಮಕ್ಕಳು ಇದನ್ನು ಕೇಳಿ ಸೂರು ಕಿತ್ತ ಭಾಗಕ್ಕೆ ಬೆರಗಾಗುತ್ತಿದ್ದರು. ಹೇಮಾವತಿಯ ಬಯಲಿನಿಂದ ಬರುತ್ತಿದ್ದ ರೈತರ ಮಕ್ಕಳು ಬೀಜವನ್ನು ಬಾಚಿದ ಭಾಗಕ್ಕೆ ಮೌನವಾಗುತ್ತಿದ್ದರು. ಸೂರನ್ನು ಮತ್ತೆ ಹೊದಿಸಬಹುದು; ಬಿತ್ತನೆಯ ಬತ್ತವನ್ನು ಉಂಡರೆ ಆ ವರ್ಷವೇ ಹೋಯಿತೆಂಬುದು ಅವರಿಗೆ ಹೇಳಿಕೊಡದೆಯೇ ಗೊತ್ತಿತ್ತು. ದಾಸೋಹವೆಂಬ ಮಾತಿಗೆ ನಾನು ಕೊಡುತ್ತಿದ್ದ ಅರ್ಥವಿವರಣೆಗಿಂತ ಆ ಮೌನವೇ ಹೆಚ್ಚು ಸಮರ್ಪಕವಾಗಿತ್ತು.

ಇನ್ನು ಕನ್ನಡ ಶರಣರ ಚರಿತ್ರೆಗಳ ವಿಚಾರ. ಬಸವಣ್ಣನವರನ್ನು ಕುರಿತ ಕನ್ನಡದ ಮೊದಲ ಜೀವನಚರಿತ್ರೆ ಹರಿಹರನ ಬಸವರಾಜದೇವರ ರಗಳೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ, ಅದನ್ನನುಸರಿಸಿ 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣವೂ ಜನರಲ್ಲಿ ಹೆಚ್ಚು ಪ್ರಚಾರಗೊಂಡವು. ಪುರಾಣದ ಬಸವಣ್ಣನವರು ಪವಾಡಗಳ ಸಾಲಿನಲ್ಲಿ ನಡೆಯುತ್ತಾರೆ. ಹರಿಹರನ ಬಸವಣ್ಣನವರ ಕಥೆಯೂ ಕೈಲಾಸದಲ್ಲಿಯೇ ಆರಂಭವಾಗುತ್ತದೆ, ಆ ಚೌಕಟ್ಟನ್ನು ಅವನೂ ಬಿಟ್ಟಿಲ್ಲ. ಆದರೆ ಭೂಮಿಗೆ ಇಳಿದೊಡನೆ ಅವರು ಮನುಷ್ಯರ ನಡುವಣ ಮನುಷ್ಯರು: ತಂದೆತಾಯಿಗಳನ್ನು ಕಳೆದುಕೊಂಡ ಬಾಲಕ, ಕರ್ಮದ ಕಟ್ಟೆಂದು ಜನಿವಾರವನ್ನು ಕಿತ್ತೊಗೆದು ಉಟ್ಟ ಬಟ್ಟೆಯಲ್ಲಿ ಸಂಗಮಕ್ಕೆ ನಡೆದ ತರುಣ, ಸಂಗಮನಾಥನು ಮಂಗಳವಾಡಕ್ಕೆ ಹೋಗೆಂದಾಗ ಅಗಲಲಾರದೆ ಮಗುವಿನಂತೆ ಅಳುವ ಭಕ್ತ.

ಆ ಮುಂದಿನ ಪ್ರಸಂಗವೊಂದು ನನಗೆ ಬಹಳ ಅರ್ಥವತ್ತಾಗಿ ಕಂಡಿದೆ. ಬಸವಣ್ಣನವರು ಮಂಗಳವಾಡದಲ್ಲಿ ಬಿಜ್ಜಳನ ಕರಣಿಕರು ಲೆಕ್ಕ ಮಾಡುತ್ತಿದ್ದ ಕಡೆಗೆ ಹೋಗಿ ಕುಳಿತುಕೊಳ್ಳುತ್ತಾರೆ. ಲೆಕ್ಕದಲ್ಲಿ ತಪ್ಪೊಂದು ನುಸುಳಿರುವುದನ್ನು ಕಂಡು ಹೇಳುತ್ತಾರೆ. ನೋಡಿದರೆ ತಪ್ಪು ನಿಜ. ಸಿದ್ಧದಂಡಾಧಿಪನು ಮೆಚ್ಚಿ ಅವರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಾನೆ. ಬಸವಣ್ಣನವರು ಭಂಡಾರದ ಕಡೆಗೆ ಹತ್ತಿದ ಮೊದಲ ಮೆಟ್ಟಿಲು ಇದೇ. ಪವಾಡವನ್ನೇನೂ ಬೇಡದ, ಬರಿಯ ಎಚ್ಚರವನ್ನು ಬೇಡುವ ಈ ಸಂದರ್ಭವನ್ನು ಬರೆದವನು ದೋರಸಮುದ್ರದಲ್ಲಿ ಲೆಕ್ಕ ಬರೆದಿದ್ದ ಕರಣಿಕ. ಲೆಕ್ಕದ ಶುದ್ಧಿಯೂ ಒಂದು ಕಾಯಕವೆಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ತಾನು ಬಿಟ್ಟುಬಂದ ಕೆಲಸವನ್ನು ಅವನು ಹೀನವೆಂದು ಬಗೆದಿದ್ದರೆ, ತನ್ನ ಆರಾಧ್ಯಮೂರ್ತಿಯನ್ನು ಅದೇ ಜಗಲಿಯ ಮೇಲೆ ಕುಳ್ಳಿರಿಸುತ್ತಿರಲಿಲ್ಲ. ಹರಿಹರನು ಓಲಗವನ್ನು ಬಿಟ್ಟುದು ಲೆಕ್ಕದ ಮೇಲಿನ ಜುಗುಪ್ಸೆಯಿಂದಲ್ಲ, ಒಡೆಯನನ್ನು ಬದಲಿಸಬೇಕಾಗಿದ್ದುದರಿಂದ ಎಂದು ನಾನು ತಿಳಿಯುತ್ತೇನೆ.

ಪ್ರಭುದೇವರ ಮತ್ತು ಅಕ್ಕನ ಚರಿತ್ರೆಗಳಲ್ಲಿ ಹರಿಹರನು ನಮ್ಮಲ್ಲಿ ಅನೇಕರಿಗೆ ಇರಿಸುಮುರಿಸು ಉಂಟುಮಾಡುತ್ತಾನೆ. ಪ್ರೌಢದೇವರಾಯನ ಕಾಲದ ಚಾಮರಸನ ಪ್ರಭುಲಿಂಗಲೀಲೆಯನ್ನು ಓದಿದವರಿಗೆ ಅಲ್ಲಮನು ಮಾಯೆಯ ಕೈಗೆ ಎಂದೂ ಸಿಕ್ಕದ ನಿರ್ಲಿಪ್ತ. ಹರಿಹರನ ಅಲ್ಲಮನಾದರೋ ಮದ್ದಳೆಯನ್ನು ನುಡಿಸುವ ಚೆಲುವ, ಕಾಮಲತೆಯನ್ನು ಮನಸಾರೆ ಒಲಿದವನು. ಅವಳು ಜ್ವರದಿಂದ ಸತ್ತಾಗ ಮರುಳನಂತೆ ಅಲೆಯುತ್ತಾನೆ. ಹಾಗೆ ಅಲೆಯುತ್ತ ತೋಟವೊಂದರಲ್ಲಿ ಕುಳಿತು ಉಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೊನ್ನ ಕಳಸ ಕಾಣಿಸುತ್ತದೆ. ಅಗೆಯಿಸಿದರೆ ಹೂತುಹೋದ ಗುಡಿ. ಬಾಗಿಲು ತೆರೆದು ಒಳಹೊಕ್ಕರೆ ಎವೆಯಿಕ್ಕದೆ ಕುಳಿತ ಅನಿಮಿಷಯೋಗಿ, ಅವನ ಅಂಗೈಯಲ್ಲಿ ಲಿಂಗ. ಆ ಲಿಂಗ ಅಲ್ಲಮನ ಕೈಗೆ ಬಂದೊಡನೆ ಯೋಗಿಯ ಪ್ರಾಣವೂ ಹೋಗುತ್ತದೆ. ಪ್ರೇಯಸಿಯ ಸಾವಿನಿಂದ ಹೊರಟವನು ಗುರುವಿನ ಸಾವಿನ ಮುಂದೆ ನಿಂತು ಅಲ್ಲಮನಾಗುತ್ತಾನೆ. ಈ ಕಥೆಯನ್ನು ಒಪ್ಪಿದರೆ ಪ್ರಭುವಿನ ಮಹಿಮೆಗೆ ಕುಂದೆಂದು ಹಳೆಯ ಪಂಡಿತರೊಬ್ಬರು ನನ್ನೊಡನೆ ಕೋಪದಿಂದ ವಾದಿಸಿದ್ದರು. ಎಂದೂ ಬೀಳದವನ ನಿರ್ಲಿಪ್ತತೆಯನ್ನು ಕಂಡು ನಾವು ಕೈಮುಗಿಯಬಹುದು. ಬಿದ್ದು ಎದ್ದವನ ಮಾತಿನಲ್ಲಿರುವ ಬೆಡಗಿಗೆ ಮಾತ್ರ ಒಂದು ಬೇರು ಕಾಣುತ್ತದೆ. ಕಾಲದ ದೃಷ್ಟಿಯಿಂದಲೂ ಚಾಮರಸನಿಗಿಂತ ಹರಿಹರನೇ ಅಲ್ಲಮನಿಗೆ ಎರಡು ಶತಮಾನಗಳಷ್ಟು ಹತ್ತಿರದವನು.

ಅಕ್ಕಮಹಾದೇವಿಯ ವಿಷಯದಲ್ಲಿಯೂ ಹೀಗೆಯೇ. ಅವಳು ಕೌಶಿಕನನ್ನು ಮದುವೆಯಾದಳೆಂದು ಹರಿಹರನು ಹೇಳುತ್ತಾನೆ, ಚಾಮರಸನು ಇಲ್ಲವೆನ್ನುತ್ತಾನೆ. ಹರಿಹರನ ಪ್ರಕಾರ ಭಕ್ತರ ಮೇಲೆ ಅರಸನ ಕೋಪ ತಿರುಗಿದಾಗ ಅವಳು ಕರಾರುಗಳನ್ನು ಹಾಕಿ ಒಪ್ಪುತ್ತಾಳೆ: ಶಿವಪೂಜೆಗೆ, ಜಂಗಮಸೇವೆಗೆ, ಗುರುಸೇವೆಗೆ ಅಡ್ಡಿಯಾಗಬಾರದು, ಮೂರು ತಪ್ಪುಗಳನ್ನು ಮನ್ನಿಸುವೆನು, ಅದರಾಚೆಗೆ ನಿಲ್ಲೆನು. ತಪ್ಪುಗಳು ಒಂದೊಂದಾಗಿ ನಡೆಯುತ್ತವೆ, ಅವಳು ಒಂದೊಂದಾಗಿ ಎಣಿಸುತ್ತಾಳೆ. ಇಲ್ಲಿಯೂ ಕರಣಿಕನ ಕೈಯೇ ಕಾಣುತ್ತದಲ್ಲವೆ? ಎಣಿಕೆ ಮುಗಿದ ದಿನ ಅರಮನೆಯದೆಲ್ಲವನ್ನೂ ಉಟ್ಟ ಬಟ್ಟೆಯವರೆಗೆ ಅಲ್ಲಿಯೇ ಬಿಟ್ಟು ಶ್ರೀಶೈಲಕ್ಕೆ ಹೊರಡುತ್ತಾಳೆ. ಕಲ್ಯಾಣಕ್ಕೆ ಹೋಗಿ ಪ್ರಭುವಿನೊಡನೆ ಸಂವಾದ ನಡೆಸಿದ ಸಂಗತಿ ಈ ರಗಳೆಯಲ್ಲಿಲ್ಲ. ಅದು ಮುಂದೆ ಶೂನ್ಯಸಂಪಾದನೆಯ ಪರಂಪರೆಯಲ್ಲಿ ವಿಸ್ತಾರಗೊಂಡಿತು. ಮದುವೆಯಾಗಿದ್ದಳೆಂದರೆ ಅಕ್ಕನ ವೈರಾಗ್ಯಕ್ಕೆ ಕಳಂಕವೆನ್ನುವವರು, ನಮ್ಮ ಮನೆಗಳಲ್ಲಿ ಮದುವೆಯಾದ ಮೇಲೆಯೇ ಅಕ್ಕನ ವಚನಗಳನ್ನು ಅರ್ಥಮಾಡಿಕೊಂಡ ಹೆಂಗಸರನ್ನು ಒಮ್ಮೆ ಕೇಳಿ ನೋಡಬೇಕು.

ಹರಿಹರನ ಸೋದರಳಿಯ ರಾಘವಾಂಕನ ಕಥೆಯನ್ನು ಹೇಳದೆ ಈ ಲೇಖನ ಪೂರ್ಣವಾಗದು. ತಂಗಿ ರುದ್ರಾಣಿಯ ಮಗನಾದ ರಾಘವಾಂಕನು ಷಟ್ಪದಿಯಲ್ಲಿ ಹರಿಶ್ಚಂದ್ರಕಾವ್ಯವನ್ನು ರಚಿಸಿ ಗುರುವೂ ಮಾವನೂ ಆದ ಹರಿಹರನಿಗೆ ಒಪ್ಪಿಸಿದಾಗ, ಮಾನವರನ್ನು ಹೊಗಳಿದೆಯಾ ಎಂದು ಮುನಿದು ಹರಿಹರನು ಪಾದುಕೆಯಿಂದ ಹೊಡೆದನೆಂದೂ, ಅಳಿಯನ ಹಲ್ಲುಗಳು ಉದುರಿದುವೆಂದೂ, ಶಿವಭಕ್ತರ ಚರಿತ್ರೆಗಳನ್ನು ಒಂದೊಂದಾಗಿ ಬರೆದಂತೆ ಅವು ಒಂದೊಂದಾಗಿ ಮರಳಿದುವೆಂದೂ ಹೇಳುತ್ತಾರೆ. ಹುಡುಗರಿಗೆ ಇದರಷ್ಟು ಪ್ರಿಯವಾದ ಸಾಹಿತ್ಯಚರಿತ್ರೆಯ ಭಾಗ ಬೇರೊಂದಿಲ್ಲ. ಹರಿಶ್ಚಂದ್ರನು ಸತ್ಯವಂತನಲ್ಲವೆ, ಅವನನ್ನು ಹೊಗಳಿದರೆ ಹೊಡೆಯುವುದೇಕೆ ಎಂದು ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದುದೇ. ಅರಸನ ಸಭೆಯನ್ನು ಒಳಗಿನಿಂದ ಕಂಡವನಿಗೆ, ಒಳ್ಳೆಯ ಅರಸನ ಸ್ತುತಿಯಿಂದ ಎಲ್ಲ ಅರಸರ ಸ್ತುತಿಗೂ ಬಾಗಿಲು ತೆರೆಯುತ್ತದೆಂಬ ಭಯವಿತ್ತು. ಸಭೆಯನ್ನು ಹಾಗೆ ಕಾಣದ ತರುಣನಿಗೆ ಸತ್ಯವೇ ಶಿವ, ಸತ್ಯಕ್ಕಾಗಿ ಸುಡುಗಾಡನ್ನು ಕಾದ ಅರಸನೂ ಶರಣನೇ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಕನ್ನಡಿಗರಂತೂ ತಮ್ಮ ತೀರ್ಪನ್ನು ಎಂದೋ ಕೊಟ್ಟಿದ್ದಾರೆ. ಗಮಕಿಗಳು ನಮ್ಮ ಊರುಗಳಲ್ಲಿ ಹರಿಶ್ಚಂದ್ರಕಾವ್ಯವನ್ನು ವಾಚಿಸಿದಷ್ಟು ಹರಿಹರನ ರಗಳೆಗಳನ್ನು ವಾಚಿಸುವುದಿಲ್ಲ. ಗುರುವಿನ ಕಡೆಯವನಾದ ನನಗೆ ಇದರಿಂದ ವ್ಯಥೆಯೇ. ಮಂದಾನಿಲದ ನಡೆ ಗಾಯನಕ್ಕೆ ಹೇಳಿಮಾಡಿಸಿದಂತಿದೆ. ಸಂಗೀತಗಾರರ ಊರೆಂದು ಹೆಸರಾದ ರುದ್ರಪಟ್ಟಣವು ಅರಕಲಗೂಡು ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿನ ನಾದ, ಹಳೇಬೀಡಿನ ರಗಳೆ ಕೂಡಿದರೆ ಕೇಳುವವರಿಗೆ ಕೊರತೆಯಾಗದು.

ಹರಿಹರನು ಅಚ್ಚಿಗೆ ಬಂದ ಬಗೆಯೂ ತಿಳಿದಿರಬೇಕಾದುದೇ. ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಗರಿಗಳನ್ನು ಕೂಡಿಹಾಕಿ ಶಿವಶರಣರ ಚರಿತ್ರೆಗಳನ್ನು ಬೆಳಕಿಗೆ ತಂದರು. ಮೈಸೂರಿನಲ್ಲಿ ತ. ಸು. ವೆಂಕಣ್ಣಯ್ಯನವರು ಬಸವರಾಜದೇವರ ರಗಳೆಯನ್ನು ಶೋಧಿಸಿ ಪ್ರಕಟಿಸಿದರು. ಧಾರವಾಡದಲ್ಲಿ ಎಂ. ಎಸ್. ಸುಂಕಾಪುರರು ಉಳಿದ ರಗಳೆಗಳ ಸಂಪಾದನೆಗೆ ಶ್ರಮಿಸಿದರು. ಇಷ್ಟೆಲ್ಲ ಆದರೂ ಒಂದು ದೊಡ್ಡ ಕೊರತೆ ಉಳಿದುಬಂದಿದೆ. ಬಸವರಾಜದೇವರ ರಗಳೆಯ 25 ಸ್ಥಲಗಳಲ್ಲಿ ದೊರೆತಿರುವುವು 13 ಮಾತ್ರ. ಕಲ್ಯಾಣದ ಕೊನೆಯ ದಿನಗಳನ್ನು, ಬಿಜ್ಜಳನ ಅಂತ್ಯವನ್ನು, ಬಸವಣ್ಣನವರ ಐಕ್ಯವನ್ನು ಕುರಿತು ಇಂದಿಗೂ ನಡೆಯುತ್ತಿರುವ ವಾದಗಳಲ್ಲಿ ನಮ್ಮ ಕೈಗಿರುವುವು ಬಹುಮಟ್ಟಿಗೆ ತಡವಾದ ಪುರಾಣಗಳ ಸಾಕ್ಷ್ಯಗಳು. ಬಸವಣ್ಣನವರ ಕಾಲಕ್ಕೆ ಹತ್ತಿರದ ಕವಿಯ ಮಾತು ಅರ್ಧದಲ್ಲಿಯೇ ನಿಂತಿದೆ.

ಆ 12 ಸ್ಥಲಗಳು ಎಲ್ಲಿಯಾದರೂ ಉಳಿದಿದ್ದರೆ ಅಟ್ಟದ ಮೇಲಿನ ಹೆಸರಿಲ್ಲದ ಕಟ್ಟುಗಳಲ್ಲಿಯೇ ಉಳಿದಿರಬೇಕು. ಚನ್ನರಾಯಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ಹಳೆಯ ಮನೆಯನ್ನು ಕೆಡವುವಾಗ ಸಿಕ್ಕಿದ ಓಲೆಕಟ್ಟುಗಳನ್ನು, ಓದಲು ಬಾರದೆಂದು ಪೂಜೆ ಮಾಡಿ ಕೆರೆಗೆ ಬಿಟ್ಟರೆಂದು ತಿಳಿದಾಗ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಭಕ್ತಿಯಿಂದಲೇ ಆದ ನಷ್ಟವದು. ಅದರಲ್ಲಿ ಏನಿತ್ತೋ, ಪಂಚಾಂಗವೇ ಇದ್ದಿರಬಹುದು. ಬಿಚ್ಚಿ ನೋಡಿದ್ದರೆ ತಿಳಿಯುತ್ತಿತ್ತು.

ಆದುದರಿಂದ ಓದುಗರಲ್ಲಿ ಒಂದು ಬಿನ್ನಹ. ತಮ್ಮ ಮನೆಯಲ್ಲಾಗಲಿ, ನೆಂಟರ ಮನೆಯಲ್ಲಾಗಲಿ ಓಲೆಗರಿಯ ಕಟ್ಟಿದ್ದರೆ ನೀರನ್ನು ಸೋಕಿಸಬೇಡಿ, ಬಿಸಿಲಿಗೆ ಹರಡಬೇಡಿ, ಅಂಟಿಕೊಂಡ ಗರಿಗಳನ್ನು ಬಲವಂತದಿಂದ ಬಿಡಿಸಬೇಡಿ. ಒಣಗಿದ ಮೆದುವಾದ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ತೇವಗಳಿಲ್ಲದ ಎಡೆಯಲ್ಲಿಡಿ. ಅಕ್ಷರ ಕಾಣದಿದ್ದರೆ ಏನೂ ಇಲ್ಲವೆಂದು ಎಣಿಸಬೇಡಿ. ಕಂಟದಿಂದ ಕೊರೆದ ಗೆರೆಗಳಿಗೆ ಮಸಿ ತುಂಬಿದ ಮೇಲೆಯೇ ಬರಹ ಎದ್ದು ಕಾಣುವುದು, ಆ ಕೆಲಸವನ್ನು ಬಲ್ಲವರು ಮಾಡಬೇಕು. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಇಂತಹ ಕಟ್ಟುಗಳ ದೊಡ್ಡ ಭಂಡಾರವೇ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿಯೂ ಹಸ್ತಪ್ರತಿಗಳ ವಿಭಾಗವುಂಟು. ಕಟ್ಟನ್ನು ಕೊಡಲು ಮನಸ್ಸಿಲ್ಲದವರು ಗರಿಗಳ ಛಾಯಾಚಿತ್ರವನ್ನಾದರೂ ತೆಗೆಯಿಸಿ ಬಲ್ಲವರಿಗೆ ತೋರಿಸಬಹುದು. ಎರಡೆರಡು ಸಾಲಿಗೆ ಪ್ರಾಸ ಕೂಡುತ್ತಿದ್ದು, ನಡುವೆ ಗದ್ಯ ಬರುತ್ತಿದ್ದು, ಹಂಪೆಯ ವಿರೂಪಾಕ್ಷನ ಹೆಸರು ಕಂಡರೆ ಒಂದು ದಿನವನ್ನೂ ತಡಮಾಡದೆ ತಿಳಿಸತಕ್ಕದ್ದು.